ಘೋಷಣೆಯಿಂದ ನೀತಿಗೆ: ಲಿಂಗದಹಳ್ಳಿಯ ಹತ್ತನೆಯ ತರಗತಿಯಲ್ಲಿ ಎರಡು ಬಾರಿ ಮಾಡಿದ ಒಂದು ಪಾಠ

ಪೀಠಿಕೆ

ಶಾಲಾ ಇಂಟರ್ನ್‌ಶಿಪ್ ಅವಧಿಯಲ್ಲಿ ನಾನು ತರೀಕೆರೆ ತಾಲ್ಲೂಕು ಲಿಂಗದಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ವಿಜ್ಞಾನ ಬೋಧಿಸಿದೆ. ‘ನಮ್ಮ ಪರಿಸರ’ ಘಟಕ ಮುಗಿದ ಮೇಲೆ ವಿಸ್ತರಣಾ ಚಟುವಟಿಕೆಯಾಗಿ ‘ನಮ್ಮ ಶಾಲೆಗೊಂದು ಸುಸ್ಥಿರತಾ ನೀತಿ’ ಎಂಬ ಪಾಠವನ್ನು ಯೋಜಿಸಿಕೊಂಡೆ. ಮೊದಲ ಸಲ ಆ ಪಾಠ ವಿಫಲವಾಯಿತು. ವಾರದ ನಂತರ ಅದನ್ನೇ ಬೇರೆ ರೀತಿಯಲ್ಲಿ ಮಾಡಿದೆ. ಮೊದಲ ಸಲ ಎಲ್ಲಿ ತಪ್ಪಿದೆ, ನಡುವಿನ ವಾರದಲ್ಲಿ ಏನು ಓದಿದೆ, ಎರಡನೆಯ ಸಲ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇದೇ ವಿಷಯವನ್ನು ಬೋಧಿಸಲಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಇದರಿಂದ ಸ್ವಲ್ಪವಾದರೂ ಉಪಯೋಗವಾದೀತು ಎಂದುಕೊಂಡಿದ್ದೇನೆ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿತ್ತು. ನಾನು ಬಿ.ಎಸ್ಸಿ. ಓದಿದ ಕಾಲೇಜಿಗೆ ಮೌಲ್ಯಾಂಕನ ತಂಡ ಬರುವ ಮುನ್ನ ನಾವೆಲ್ಲ ಸೇರಿ ಗಿಡ ನೆಟ್ಟಿದ್ದೆವು. ಪ್ರತಿ ಗಿಡಕ್ಕೂ ಹೆಸರಿನ ಫಲಕ ಕಟ್ಟಿದ್ದೆವು. ಬಾಗಿಲ ಬಳಿ ‘ಹಸಿರು ಕ್ಯಾಂಪಸ್ ನೀತಿ’ ಎಂಬ ದೊಡ್ಡ ಬೋರ್ಡು ಬಂತು. ಮುಂದಿನ ಬೇಸಿಗೆಯಲ್ಲಿ ಗಿಡಗಳು ಒಣಗಿದವು, ಬೋರ್ಡು ಮಾತ್ರ ಉಳಿಯಿತು. ನೀರು ಹಾಕಬೇಕಾದವರು ಯಾರು ಎಂದು ಆ ಬೋರ್ಡಿನಲ್ಲಿ ಬರೆದಿರಲಿಲ್ಲ. ಗಿಡ ನೆಟ್ಟ ನಾನೂ ಆಗ ಅದನ್ನು ಕೇಳಲಿಲ್ಲ.

ಮೊದಲ ಪಾಠ

ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಕಲಿಕಾ ಫಲಗಳು ಮೂರು. ವಿದ್ಯಾರ್ಥಿಗಳು ಸುಸ್ಥಿರತೆಯ ಅರ್ಥವನ್ನು ಹೇಳುವರು. ಶಾಲೆಯ ಸಂಪನ್ಮೂಲಗಳ ಬಳಕೆಯನ್ನು ಗುರುತಿಸುವರು. ಶಾಲೆಗೆ ಒಂದು ನೀತಿಯನ್ನು ರಚಿಸುವರು.

ತೊಡಗಿಕೊಳ್ಳುವಿಕೆಯ ಹಂತದಲ್ಲಿ ಕರಗುತ್ತಿರುವ ಹಿಮಗಡ್ಡೆಯ ಮೇಲೆ ನಿಂತ ಹಿಮಕರಡಿಯ ಚಿತ್ರ ತೋರಿಸಿದೆ. ತರಗತಿಯ ಕಿಟಕಿಯಿಂದ ಕೆಮ್ಮಣ್ಣುಗುಂಡಿ ಕಡೆಯ ಬೆಟ್ಟಸಾಲು ಕಾಣುತ್ತದೆ. ಹೊರಗೆ ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ನಾನು ಹಿಮಕರಡಿಯ ಬಗ್ಗೆ ಹೇಳುತ್ತಿದ್ದೆ. ಮಕ್ಕಳು ಶಿಸ್ತಿನಿಂದ ಕೇಳಿಸಿಕೊಂಡರು. ವಿವರಣೆಯ ಹಂತ ಮುಗಿದ ಮೇಲೆ ಆರು ಗುಂಪು ಮಾಡಿ, ಗುಂಪಿಗೊಂದು ಹಾಳೆ ಕೊಟ್ಟು, ನೀತಿ ಬರೆಯಲು ಹೇಳಿದೆ. ಹದಿನೈದು ನಿಮಿಷದಲ್ಲಿ ಬಂದ ಉತ್ತರಗಳಲ್ಲಿ ಕೆಲವು ಇವು:

‘ಪರಿಸರವನ್ನು ಉಳಿಸೋಣ.’
‘ನೀರನ್ನು ಮಿತವಾಗಿ ಬಳಸಬೇಕು.’
‘ಪ್ಲಾಸ್ಟಿಕ್ ತ್ಯಜಿಸಿ, ಭೂಮಿಯನ್ನು ರಕ್ಷಿಸಿ.’
‘ಎಲ್ಲರೂ ಗಿಡ ನೆಡಬೇಕು.’

ಅಕ್ಷರ ಚೆನ್ನಾಗಿತ್ತು, ಸುತ್ತ ಹೂಬಳ್ಳಿ ಬಿಡಿಸಿದ್ದರು. ನಾನು ‘ವೆರಿ ಗುಡ್’ ಎಂದು ಹೇಳಿ ಹಾಳೆಗಳನ್ನು ಗೋಡೆಗೆ ಅಂಟಿಸಿದೆ. ಗಂಟೆ ಬಾರಿಸಿತು. ಹೊರಗೆ ಹೋದ ಮಕ್ಕಳಲ್ಲಿ ನಾಲ್ಕೈದು ಮಂದಿ ಅದೇ ತೊಟ್ಟಿಕ್ಕುವ ನಲ್ಲಿಯಲ್ಲಿ ಕೈ ತೊಳೆದು ನಡೆದರು. ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಿದ ನಮ್ಮ ಮೇಲ್ವಿಚಾರಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದರು: ‘ತರಗತಿ ನಿರ್ವಹಣೆ ಚೆನ್ನಾಗಿದೆ. ಧ್ವನಿ ಸ್ಪಷ್ಟವಾಗಿದೆ. ಆದರೆ ಘೋಷಣೆಗೂ ನೀತಿಗೂ ಇರುವ ವ್ಯತ್ಯಾಸ ಮಕ್ಕಳಿಗೆ ತಿಳಿದಿಲ್ಲ. ನಿಮಗೆ ತಿಳಿದಿದೆಯೇ?’

ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ ಆಗಿತ್ತು. ಮಕ್ಕಳಿಂದ ಮಾಡಿಸಬೇಕೆಂದು ಹೊರಟ ಕೆಲಸವನ್ನು ನಾನು ಒಮ್ಮೆಯೂ ಮಾಡಿರಲಿಲ್ಲ, ನೀತಿ ಎಂದರೇನೆಂದು ಓದಿಯೂ ಇರಲಿಲ್ಲ.

ವಿಷಯ ವಿಶ್ಲೇಷಣೆ: ವಿಶ್ವವಿದ್ಯಾಲಯಗಳು ನೀತಿಯನ್ನು ಏಕೆ ಬರೆಯುತ್ತವೆ?

ಒಂದು ವಾರ ಓದಿದೆ. ಸುಸ್ಥಿರತೆಯ ಮಾತು ಶಿಕ್ಷಣ ಸಂಸ್ಥೆಗಳೊಳಗೆ ಬಂದ ದಾರಿಯನ್ನು ಮೊದಲು ತಿಳಿದುಕೊಂಡೆ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ, 1976ರಲ್ಲಿ ನಮ್ಮ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾಗಿ 48ಎ ಮತ್ತು 51ಎ(ಜಿ) ವಿಧಿಗಳು ಸೇರಿದವು. ಪರಿಸರ ರಕ್ಷಣೆ ಒಂದರಲ್ಲಿ ರಾಜ್ಯದ ಹೊಣೆ, ಇನ್ನೊಂದರಲ್ಲಿ ಪ್ರಜೆಯ ಮೂಲಭೂತ ಕರ್ತವ್ಯ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗದ ವರದಿ ಬಂತು. ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಕುಂದು ಬರದಂತೆ ಇಂದಿನವರ ಅಗತ್ಯ ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂಬ ಅರ್ಥವಿವರಣೆಯನ್ನು ಕೊಟ್ಟದ್ದು ಆ ವರದಿಯೇ. ನಮ್ಮ ಭಾಗದ ಕಾಲೇಜುಗಳು ಸೇರಿರುವ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ 1987ರಲ್ಲಿ. 1990ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ತಲ್ವಾರ್ ಎಂಬ ಊರಿನಲ್ಲಿ ಹಲವು ದೇಶಗಳ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಹತ್ತು ಅಂಶಗಳ ಘೋಷಣೆಯೊಂದನ್ನು ಸಿದ್ಧಪಡಿಸಿದರು. ಪಾಠದಲ್ಲಿ, ಸಂಶೋಧನೆಯಲ್ಲಿ ಮಾತ್ರವಲ್ಲ, ತಮ್ಮ ಆವರಣದ ದಿನನಿತ್ಯದ ನಡವಳಿಕೆಯಲ್ಲೂ ಸುಸ್ಥಿರತೆಯನ್ನು ಪಾಲಿಸುತ್ತೇವೆ ಎಂಬುದು ಅದರ ತಿರುಳು. ನಂತರದ ವರ್ಷಗಳಲ್ಲಿ ನೂರಾರು ಸಂಸ್ಥೆಗಳು ಅದಕ್ಕೆ ಸಹಿ ಹಾಕಿದವು.

ಭಾರತದಲ್ಲಿ ಇದಕ್ಕೆ ಒತ್ತು ಬಂದದ್ದು ಮುಖ್ಯವಾಗಿ ಮೌಲ್ಯಾಂಕನದಿಂದ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ನ್ಯಾಕ್ 2017ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ಏಳು ಮಾನದಂಡಗಳಿವೆ. ಏಳನೆಯದಾದ ‘ಸಾಂಸ್ಥಿಕ ಮೌಲ್ಯಗಳು ಮತ್ತು ಉತ್ತಮ ಆಚರಣೆಗಳು’ ಎಂಬುದಕ್ಕೆ 1000 ಅಂಕಗಳಲ್ಲಿ 100 ಅಂಕ. ಇಂಧನ, ನೀರು, ತ್ಯಾಜ್ಯ, ಹಸಿರು ಕ್ಯಾಂಪಸ್, ಪರಿಸರ ಲೆಕ್ಕಪರಿಶೋಧನೆ ಎಲ್ಲವೂ ಅದರಡಿ ಬರುತ್ತವೆ. ಯುಜಿಸಿ ಕೂಡ ‘ಸತತ್’ ಎಂಬ ಹೆಸರಿನಲ್ಲಿ ಪರಿಸರಸ್ನೇಹಿ ಕ್ಯಾಂಪಸ್‌ಗಾಗಿ ಮಾರ್ಗದರ್ಶಿ ಚೌಕಟ್ಟನ್ನು ಹೊರತಂದಿದೆ.

ಇಷ್ಟು ಓದಿದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಒಳ್ಳೆಯ ಕೆಲಸ ಮಾಡಲು ನೀತಿ ಬರೆಯಲೇಬೇಕೆ? ಸುಮ್ಮನೆ ಮಾಡಿದರೆ ಸಾಲದೆ?

ಉತ್ತರ ಹೊಳೆದದ್ದು ಲಕ್ಕವಳ್ಳಿಯ ಆಚೆ, ಭದ್ರಾ ಅಭಯಾರಣ್ಯದ ಅಂಚಿನ ಶಂಕರಘಟ್ಟದಲ್ಲಿರುವ ಜ್ಞಾನಸಹ್ಯಾದ್ರಿ ಆವರಣವನ್ನು ನೆನೆದಾಗ. ಸ್ನಾತಕೋತ್ತರ ವಿದ್ಯಾರ್ಥಿ ಅಲ್ಲಿರುವುದು ಎರಡು ವರ್ಷ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಕುಲಪತಿಗಳ ಅವಧಿ ನಾಲ್ಕು ವರ್ಷ. ಕುಲಸಚಿವರೂ ಬದಲಾಗುತ್ತಾರೆ. ಪಕ್ಕದ ಕಾಡು, ಅಲ್ಲಿಂದ ಹರಿಯುವ ಹಳ್ಳ, ಕೊಳವೆಬಾವಿಯ ಅಡಿಯ ನೀರು ಮಾತ್ರ ಅಲ್ಲೇ ಇರುತ್ತವೆ. ಒಬ್ಬ ಕುಲಪತಿಗೆ ಮರಗಳ ಮೇಲೆ ಪ್ರೀತಿ ಇದ್ದರೆ ನಾಲ್ಕು ವರ್ಷ ಮರ ಉಳಿದಾವು. ಆಮೇಲೆ? ಅದಕ್ಕಾಗಿಯೇ ವಿಶ್ವವಿದ್ಯಾಲಯ ಸಿಂಡಿಕೇಟ್ ಸಭೆಯಲ್ಲಿಟ್ಟು, ಚರ್ಚಿಸಿ, ನಡವಳಿಯಲ್ಲಿ ದಾಖಲಿಸಿ ನೀತಿಯನ್ನು ಅಂಗೀಕರಿಸಬೇಕಾಗುತ್ತದೆ. ಆಗ ಕೆಲಸ ವ್ಯಕ್ತಿಗಲ್ಲ, ಹುದ್ದೆಗೆ ಅಂಟಿಕೊಳ್ಳುತ್ತದೆ. ಮುಂದೆ ಬರುವವರು ಆ ನಿರ್ಣಯವನ್ನು ಪಾಲಿಸಬೇಕು, ಇಲ್ಲವೇ ಸಭೆಯಲ್ಲೇ ಬದಲಾಯಿಸಬೇಕು. ಸುಮ್ಮನೆ ಮರೆಯಲು ಬರುವುದಿಲ್ಲ.

ಇನ್ನೊಂದು ಉದಾಹರಣೆ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕುಕ್ಕರಹಳ್ಳಿ ಕೆರೆ ಇಂದು ಮೈಸೂರು ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಸುತ್ತಲಿನ ಬಡಾವಣೆಗಳ ಕಡೆಯಿಂದ ಕೊಳಚೆ ನೀರು ಸೇರುವುದು ಆ ಕೆರೆಯ ಹಳೆಯ ಸಮಸ್ಯೆ. ವಿಶ್ವವಿದ್ಯಾಲಯ ತನ್ನ ಕಾಂಪೌಂಡಿನೊಳಗೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹೊರಗಿನವರ ಜೊತೆ ಮಾತಾಡದೆ ಕೆರೆ ಉಳಿಯುವುದಿಲ್ಲ. ಆದ್ದರಿಂದ ನೀತಿಯಲ್ಲಿ ‘ಹೊರಗಿನವರೊಂದಿಗೆ ಏನು ಮಾಡುತ್ತೇವೆ’ ಎಂಬ ಭಾಗವೂ ಇರಬೇಕು.

ಇದೇನೂ ಹೊರಗಿನಿಂದ ಬಂದ ಹೊಸ ವಿಚಾರವಲ್ಲ ಎಂಬುದೂ ಓದುತ್ತ ತಿಳಿಯಿತು. ಮದಗದ ಕೆರೆ, ಅಯ್ಯನಕೆರೆಗಳಿರುವ ನಮ್ಮ ಕಡೂರು ಸೀಮೆಯವರಿಗೆ ‘ನೀರಗಂಟಿ’ ಎಂಬ ಮಾತು ಗೊತ್ತು. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಸರದಿ ಪ್ರಕಾರ ಬಿಡುವವನು ನೀರಗಂಟಿ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಕರ್ನಾಟಕದ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ದತ್ತಿಯ ಉಲ್ಲೇಖ ಬರುತ್ತದೆ. ಕೆರೆಯ ಉಸ್ತುವಾರಿಗೆಂದು ಬಿಟ್ಟುಕೊಟ್ಟ ಭೂಮಿ ಅದು. ಕೆರೆ ಕಟ್ಟಿದರೆ ಸಾಲದು, ಅದನ್ನು ನೋಡಿಕೊಳ್ಳುವವರು ಯಾರು, ಅದರ ಖರ್ಚು ಎಲ್ಲಿಂದ ಎಂಬುದನ್ನೂ ಕಲ್ಲಿನಲ್ಲಿ ಬರೆಸುತ್ತಿದ್ದರು. ನನ್ನ ಕಾಲೇಜಿನ ಬೋರ್ಡಿನಲ್ಲಿ ಇಲ್ಲದ್ದು ಇವೇ ಎರಡು.

ಎರಡನೆಯ ಪಾಠ

ಮಾರ್ಗದರ್ಶಿ ಶಿಕ್ಷಕಿಯವರನ್ನು ಮತ್ತೆ ಅವಧಿಗಳನ್ನು ಕೇಳಿದಾಗ ಅವರು ‘ಎಸ್.ಎಸ್.ಎಲ್.ಸಿ. ಮಕ್ಕಳಮ್ಮ, ಸಿಲಬಸ್ ಮುಗೀಬೇಕಲ್ಲ’ ಎಂದರು. ಅವರ ಆತಂಕ ನ್ಯಾಯವಾದದ್ದು. ಜೈವಿಕ ವಿಘಟನೆಗೆ ಒಳಗಾಗುವ ಮತ್ತು ಒಳಗಾಗದ ತ್ಯಾಜ್ಯಗಳ ಪುನರಾವರ್ತನೆಯೂ ಇದರಲ್ಲೇ ಆಗುತ್ತದೆ ಎಂದು ಒಪ್ಪಿಸಿ ಮೂರು ಅವಧಿ ಪಡೆದೆ.

ಮೊದಲ ಅವಧಿ: ಅಳೆಯುವುದು. ಈ ಬಾರಿ ಚಿತ್ರ ತೋರಿಸಲಿಲ್ಲ. ಒಂದು ಲೀಟರಿನ ಖಾಲಿ ಬಾಟಲಿ ಕೊಟ್ಟು ನಲ್ಲಿಯ ಬಳಿ ಕಳಿಸಿದೆ. ತೊಟ್ಟಿಕ್ಕುವ ನಲ್ಲಿಗಳು ಎರಡು ಸಿಕ್ಕವು. ಒಂದರಲ್ಲಿ ಬಾಟಲಿ ತುಂಬಲು 6 ನಿಮಿಷ, ಇನ್ನೊಂದರಲ್ಲಿ 12 ನಿಮಿಷ. ಲೆಕ್ಕವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಮಾಡಿದರು. ಗಂಟೆಗೆ 10 ಲೀಟರ್ ಮತ್ತು 5 ಲೀಟರ್. ಟ್ಯಾಂಕಿನಲ್ಲಿ ನೀರಿದ್ದು ಹಗಲೂ ರಾತ್ರಿ ಸೋರಿದರೆ ದಿನಕ್ಕೆ 360 ಲೀಟರ್. ಶಾಲೆಯ 1000 ಲೀಟರ್ ಟ್ಯಾಂಕು ಮೂರು ದಿನದೊಳಗೆ ಖಾಲಿ. ‘360 ಲೀಟರ್’ ಎಂದಾಗ ಸುಮ್ಮನಿದ್ದ ತರಗತಿ, ಒಬ್ಬ ಹುಡುಗಿ ‘ನಮ್ಮನೆ ಕೊಡ ಹದಿನೈದು ಲೀಟರಿಂದು, ಇಪ್ಪತ್ನಾಲ್ಕು ಕೊಡ ಆಯ್ತು ಮಿಸ್’ ಎಂದಾಗ ಗುಜುಗುಜು ಶುರುಮಾಡಿತು. ನೀರು ಹೊತ್ತು ಗೊತ್ತಿದ್ದವರು ಆ ತರಗತಿಯಲ್ಲಿ ಬಹಳ ಮಂದಿ.

ಅದೇ ದಿನ ಒಂದು ಗುಂಪು ಕಸದ ಬುಟ್ಟಿಗಳನ್ನು ಹಳೆಯ ಪೇಪರಿನ ಮೇಲೆ ಸುರಿದು ವಿಂಗಡಿಸಿತು. ತರಕಾರಿ ಸಿಪ್ಪೆ, ನೋಟ್‌ಬುಕ್ ಹಾಳೆ, ಹಾಲಿನ ಪುಡಿಯ ಪ್ಯಾಕೆಟ್, ಮುಗಿದ ಪೆನ್ನು, ಚಿಪ್ಸ್ ಮತ್ತು ಬಿಸ್ಕತ್ತಿನ ಹೊದಿಕೆ. ಚಿಪ್ಸ್ ಹೊದಿಕೆಯೇ ಹೆಚ್ಚು. ಅದು ಬರುವುದು ಗೇಟಿನ ಹೊರಗಿನ ಅಂಗಡಿಯಿಂದ. ಕುಕ್ಕರಹಳ್ಳಿ ಕೆರೆಯ ಉದಾಹರಣೆಯನ್ನು ಹೇಳಲು ಇದೇ ಸರಿಯಾದ ಜಾಗವೆನಿಸಿತು. ಆ ದಿನ ಸಂಜೆ ಮೂವರು ಹುಡುಗಿಯರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪಟ್ಟಿಯಲ್ಲಿ ಒಂದು ಕಸ ಬಿಟ್ಟುಹೋಗಿದೆ ಎಂದು ಮೆಲ್ಲಗೆ ಹೇಳಿದರು. ಅವರು ಹೇಳಿದ್ದು ಸ್ಯಾನಿಟರಿ ಪ್ಯಾಡ್‌ಗಳ ಬಗ್ಗೆ. ಹುಡುಗರೆದುರು ಹೇಳಲು ಅವರಿಗೆ ಸಂಕೋಚವಾಗಿತ್ತು. ಅಂಥ ಮಾತಿಗೆ ಜಾಗವೇ ಇಲ್ಲದಂತೆ ಪಾಠ ಯೋಜಿಸಿದ್ದು ನನ್ನ ತಪ್ಪು. ಮರುದಿನದಿಂದ ಹೆಸರು ಬರೆಯದೆ ಚೀಟಿ ಹಾಕುವ ಡಬ್ಬಿಯೊಂದನ್ನು ಇಟ್ಟೆ.

ಎರಡನೆಯ ಅವಧಿ: ಬರೆಯುವುದು. ಮೊದಲ ಪಾಠದಲ್ಲಿ ಬಂದಿದ್ದ ‘ನೀರನ್ನು ಮಿತವಾಗಿ ಬಳಸಬೇಕು’ ಎಂಬ ವಾಕ್ಯವನ್ನೇ ಹಲಗೆಯ ಮೇಲೆ ಬರೆದು ನಾಲ್ಕು ಪ್ರಶ್ನೆ ಕೇಳಿದೆ. ಯಾರು ಮಾಡಬೇಕು? ಏನು ಮಾಡಬೇಕು? ಯಾವಾಗ? ಮಾಡಿದ್ದು ನಮಗೆ ಹೇಗೆ ಗೊತ್ತಾಗುತ್ತದೆ? ಆ ವಾಕ್ಯ ಒಂದಕ್ಕೂ ಉತ್ತರ ಕೊಡಲಿಲ್ಲ. ನೀರಗಂಟಿಯ ಕಥೆ ಹೇಳಿ, ಈ ನಾಲ್ಕೂ ಪ್ರಶ್ನೆಗೆ ಅಲ್ಲಿ ಉತ್ತರವಿದೆಯೇ ಹುಡುಕಿ ಎಂದೆ. ಹುಡುಕಿದರು. ಬಿತ್ತುವಟ್ಟದ ಪ್ರಸ್ತಾಪ ಬಂದಾಗ ಒಬ್ಬ ಹುಡುಗ ‘ಹಾಗಾದ್ರೆ ದುಡ್ಡು ಎಲ್ಲಿಂದ ಅನ್ನೋದೂ ಬರೀಬೇಕು’ ಎಂದ. ಐದನೆಯ ಪ್ರಶ್ನೆ ಹಾಗೆ ಸೇರಿತು.

ಆರನೆಯ ಪ್ರಶ್ನೆ ನನ್ನ ಯೋಜನೆಯಲ್ಲಿರಲಿಲ್ಲ. ಹಾಳೆಗಳನ್ನು ಹಂಚುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ನೀವು ಮುಂದಿನ ತಿಂಗಳು ಹೋಗ್ತೀರಿ. ಮಾರ್ಚ್ ಆದ್ರೆ ನಾವೂ ಹೋಗ್ತೀವಿ. ಆಮೇಲೆ ಯಾರು ನೋಡ್ತಾರೆ ಮಿಸ್?’

ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಶಂಕರಘಟ್ಟದ ಆವರಣವನ್ನು ನೆನೆದು ನಾನು ಒಂದು ವಾರ ಓದಿ ಕಂಡುಕೊಂಡದ್ದನ್ನು ಅವಳು ತನ್ನ ಶಾಲೆಯನ್ನು ನೋಡಿಯೇ ಕೇಳಿದ್ದಳು. ಉತ್ತರ ಹೇಳದೆ, ಅವಳ ಪ್ರಶ್ನೆಯನ್ನು ಆರನೆಯದಾಗಿ ಹಲಗೆಯ ಮೇಲೆ ಬರೆದು, ಅವಳ ಗುಂಪಿಗೇ ಆ ಕೆಲಸ ಕೊಟ್ಟೆ. ಪ್ರತಿ ಜವಾಬ್ದಾರಿಗೂ ಮುಂದಿನವರು ಯಾರು ಎಂದು ಬರೆಯುವುದು ಆ ಗುಂಪಿನ ಕೆಲಸವಾಯಿತು.

ಮೂರನೆಯ ಅವಧಿ: ಅಂಗೀಕಾರ. ಸಿಂಡಿಕೇಟ್ ಸಭೆಯ ಮಾದರಿಯಲ್ಲಿ ಶಾಲಾ ಸಂಸತ್ತಿನ ಸಭೆ ನಡೆಸಿದೆವು. ಮುಖ್ಯ ಶಿಕ್ಷಕರು ಅಧ್ಯಕ್ಷತೆ ವಹಿಸಿದರು. ಎಂಟು ಮತ್ತು ಒಂಬತ್ತನೆಯ ತರಗತಿಯ ಪ್ರತಿನಿಧಿಗಳು, ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು, ಎಸ್.ಡಿ.ಎಂ.ಸಿ.ಯ ಒಬ್ಬ ಸದಸ್ಯರು ಬಂದಿದ್ದರು. ಅಡುಗೆಯವರನ್ನು ಕರೆಯಬೇಕೆಂದು ನನಗೆ ಹೊಳೆದದ್ದು ಹಿಂದಿನ ದಿನ ಸಂಜೆ.

ಮಕ್ಕಳು ಏಳು ಅಂಶಗಳನ್ನು ಓದಿದರು. ‘ಸೌರ ಫಲಕ ಅಳವಡಿಸಬೇಕು’ ಎಂಬುದಕ್ಕೆ ಮುಖ್ಯ ಶಿಕ್ಷಕರು ನಗುತ್ತಾ ಐದನೆಯ ಪ್ರಶ್ನೆಯನ್ನೇ ಕೇಳಿದರು. ಉತ್ತರವಿರಲಿಲ್ಲ. ಅದನ್ನು ಅಲ್ಲಿಗೆ ಕೈಬಿಡದೆ ‘ಮುಂದಿನ ಬೇಡಿಕೆಗಳು’ ಎಂಬ ಪಟ್ಟಿಗೆ ಸೇರಿಸಿದರು. ‘ಪ್ರತಿಯೊಬ್ಬರೂ ಒಂದು ಗಿಡ ನೆಡಬೇಕು’ ಎಂಬುದೂ ಆರನೆಯ ಪ್ರಶ್ನೆಯಲ್ಲಿ ಬಿತ್ತು. ಬೇಸಿಗೆ ರಜೆಯಲ್ಲಿ ನೀರು ಹಾಕುವವರು ಯಾರೂ ಸಿಗಲಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಮೂರನೆಯ ಅಂಶಕ್ಕೆ. ‘ಅಡುಗೆಯವರು ದಿನವೂ ತರಕಾರಿ ಸಿಪ್ಪೆಯನ್ನು ಮೈದಾನದ ತುದಿಯ ಗೊಬ್ಬರದ ಗುಂಡಿಗೆ ಹಾಕಬೇಕು’ ಎಂದು ಮಕ್ಕಳು ಬರೆದಿದ್ದರು. ಅಡುಗೆಯ ಅಕ್ಕ ಎದ್ದು ನಿಂತು, ‘ನಮ್ಮನ್ನ ಒಂದು ಮಾತು ಕೇಳ್ದೆ ನಮಗೆ ಕೆಲ್ಸ ಬರ್ದಿದೀರಲ್ಲ ಮಕ್ಳೇ’ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಆದರೆ ಸಭೆ ಸ್ತಬ್ಧವಾಯಿತು. ಸಿಪ್ಪೆಯನ್ನು ಅವರು ಎಸೆಯುತ್ತಲೇ ಇರಲಿಲ್ಲ. ಪಕ್ಕದ ಮನೆಯ ಹಸುವಿಗೆ ದಿನವೂ ಹೋಗುತ್ತಿತ್ತು. ಬುಟ್ಟಿಯಲ್ಲಿ ಕಂಡ ಸಿಪ್ಪೆ ಒಂದು ದಿನ ಆ ಮನೆಯವರು ಊರಲ್ಲಿಲ್ಲದಾಗ ಬಿದ್ದದ್ದು. ಅವರ ನಿಜವಾದ ತೊಂದರೆ ಮಕ್ಕಳು ತಟ್ಟೆಯಲ್ಲಿ ಬಿಡುವ ಅನ್ನ. ‘ಹಾಕೋವಾಗ ಬೇಡ ಅನ್ರಿ, ಹಾಕಿಸ್ಕೊಂಡು ಚೆಲ್ಬೇಡ್ರಿ. ಅದು ನಿಮ್ ಕೈಲಿರೋ ಕೆಲ್ಸ’ ಎಂದು ಕುಳಿತರು.

ಆ ಅಂಶವನ್ನು ಅಲ್ಲೇ ಹೊಡೆದುಹಾಕಿ ಹೊಸದಾಗಿ ಬರೆದರು. ಪಾಠದ ಮುಖ್ಯ ಕಲಿಕೆ ಆದದ್ದು ಈ ಹೊತ್ತಿನಲ್ಲಿ ಎಂದು ನನಗೆ ಅನಿಸುತ್ತದೆ. ವಿಶ್ವವಿದ್ಯಾಲಯಗಳ ಹಸಿರು ನೀತಿಗಳನ್ನು ಬರೆಯುವವರು ಪ್ರಾಧ್ಯಾಪಕರು. ಹಾಸ್ಟೆಲಿನ ಅಡುಗೆಮನೆ, ಶೌಚಾಲಯ, ಕಸದ ತೊಟ್ಟಿಗಳಲ್ಲಿ ಅವನ್ನು ನಡೆಸುವವರು ಬೇರೆಯವರು. ಅವರನ್ನು ಕೇಳದೆ ಬರೆದ ನೀತಿ ಮೇಲಿನವರು ಕೆಳಗಿನವರ ಮೇಲೆ ಹೊರಿಸಿದ ಇನ್ನೊಂದು ಹೊರೆಯಾಗುತ್ತದೆ.

ಅಂಗೀಕಾರವಾದ ನೀತಿ

ಕೊನೆಗೆ ಉಳಿದ ಐದು ಅಂಶಗಳನ್ನು ಮಕ್ಕಳ ಮಾತಿನಲ್ಲೇ ಕೊಡುತ್ತೇನೆ.

1. ಒಂಬತ್ತನೆಯ ತರಗತಿಯ ಇಬ್ಬರು ಶಾಲೆಯ ನೀರಗಂಟಿಗಳು. ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಎಲ್ಲ ನಲ್ಲಿ ನೋಡಿ ವಹಿಯಲ್ಲಿ ಬರೆಯಬೇಕು. ಸೋರಿದರೆ ಮುಖ್ಯ ಶಿಕ್ಷಕರ ಸಹಿ ಪಡೆಯಬೇಕು. ಏಳು ದಿನದೊಳಗೆ ಶಾಲೆಯ ಖರ್ಚಿನಲ್ಲಿ ವಾಷರ್ ಬದಲಾಗಬೇಕು. ಎಂಟನೆಯ ತರಗತಿಯ ಒಬ್ಬರು ಜೊತೆಗಿದ್ದು ಕಲಿಯಬೇಕು. ಮುಂದಿನ ವರ್ಷ ಅವರೇ ನೀರಗಂಟಿ.

2. ಊಟ ಬಡಿಸುವಾಗ ಬೇಕಾದಷ್ಟೇ ಹಾಕಿಸಿಕೊಳ್ಳಬೇಕು. ಚೆಲ್ಲಿದ ಅನ್ನವನ್ನು ಒಂದೇ ಬಕೆಟ್ಟಿಗೆ ಹಾಕಬೇಕು. ಬಕೆಟ್ಟು ಎಷ್ಟು ತುಂಬಿತು ಎಂದು ಆರೋಗ್ಯ ಮಂತ್ರಿ ಶುಕ್ರವಾರ ಪ್ರಾರ್ಥನೆಯಲ್ಲಿ ಹೇಳಬೇಕು.

3. ಶಾಲೆಯಲ್ಲಿ ಪ್ಲಾಸ್ಟಿಕ್ ಸುಡುವಂತಿಲ್ಲ. ಒಣಕಸವನ್ನು ಒಂದು ಚೀಲದಲ್ಲಿ ಕಟ್ಟಿಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡಬೇಕು. ಗೇಟಿನ ಅಂಗಡಿಯವರ ಜೊತೆ ಇಕೋ ಕ್ಲಬ್‌ನವರು ಮಾತಾಡಿ ಅಲ್ಲೊಂದು ಬುಟ್ಟಿ ಇಡಿಸಬೇಕು.

4. ಹುಡುಗಿಯರ ಶೌಚಾಲಯದಲ್ಲಿ ಮುಚ್ಚಳವಿರುವ ಬುಟ್ಟಿ ಮತ್ತು ಹಳೆಯ ಪೇಪರ್ ಇರಬೇಕು. ಪೇಪರ್ ಮುಗಿದರೆ ಯಾರನ್ನೂ ಕೇಳದೆ ಸ್ಟಾಫ್ ರೂಮಿನಿಂದ ತೆಗೆದುಕೊಳ್ಳಬಹುದು. ಇದರ ಹೊಣೆ ಒಬ್ಬ ಶಿಕ್ಷಕಿಯದು; ಅವರು ವರ್ಗವಾದರೆ ನಂತರ ಬರುವ ಶಿಕ್ಷಕಿಯದು.

5. ಪ್ರತಿ ವರ್ಷ ಜೂನ್ 5ರಂದು ಈ ನೀತಿಯನ್ನೂ ನೀರಿನ ವಹಿಯನ್ನೂ ಇಡೀ ಶಾಲೆಯ ಮುಂದೆ ಓದಬೇಕು. ನಡೆಯದ ಅಂಶವನ್ನು ಸರಿಪಡಿಸಬೇಕು ಅಥವಾ ತೆಗೆಯಬೇಕು.

ಮೂರನೆಯ ಮತ್ತು ನಾಲ್ಕನೆಯ ಅಂಶಗಳಿಗೆ ಕಾನೂನಿನ ಹಿನ್ನೆಲೆಯನ್ನು ಪಾಠದಲ್ಲೇ ತಿಳಿಸಿದೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಾದ್ಯಂತ ನಿಷಿದ್ಧ. ಚಿಪ್ಸ್ ಹೊದಿಕೆ ಆ ಪಟ್ಟಿಯಲ್ಲಿಲ್ಲ ಎಂದಾಗ ಮಕ್ಕಳಿಗೆ ಆಶ್ಚರ್ಯವಾಯಿತು. ಬಳಸಿದ ಪ್ಯಾಡ್‌ಗಳನ್ನು ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ನಾವು ಮಾತಾಡಲು ನಾಚುವ ವಿಷಯವನ್ನು ನಿಯಮ ಬರೆದವರು ನೇರವಾಗಿಯೇ ಬರೆದಿದ್ದರು ಎಂದು ಹೇಳಿದಾಗ ಹುಡುಗರೂ ಗಂಭೀರವಾಗಿ ಕೇಳಿದರು.

ಮೌಲ್ಯಮಾಪನ

ನೀತಿ ಎಂದರೇನು ಎಂಬ ವ್ಯಾಖ್ಯೆಯನ್ನು ಬರೆಸುವ ಬದಲು ಎರಡು ಕೆಲಸ ಕೊಟ್ಟೆ. ಒಂದು, ‘ವಿದ್ಯುತ್ ಉಳಿಸಿ’ ಎಂಬ ಘೋಷಣೆಯನ್ನು ಆರು ಪ್ರಶ್ನೆಗಳಿಗೆ ಉತ್ತರಿಸುವ ಅಂಶವಾಗಿ ಬದಲಾಯಿಸುವುದು. ಎರಡು, ತಮ್ಮ ಮನೆ, ತೋಟ ಅಥವಾ ಊರಿನಲ್ಲಿ ಬರೆಯದೇ ಇದ್ದರೂ ತಪ್ಪದೆ ನಡೆಯುತ್ತಿರುವ ಒಂದು ನೀತಿಯನ್ನು ಹುಡುಕಿ ಬರೆಯುವುದು. ತರಗತಿಯ 34 ಮಂದಿಯಲ್ಲಿ ಮೊದಲ ಕೆಲಸವನ್ನು 21 ಮಂದಿ ಪೂರ್ತಿ ಮಾಡಿದರು. ಉಳಿದವರಲ್ಲಿ ಹೆಚ್ಚಿನವರು ಎಡವಿದ್ದು ‘ಹೇಗೆ ಗೊತ್ತಾಗುತ್ತದೆ’ ಎಂಬ ನಾಲ್ಕನೆಯ ಪ್ರಶ್ನೆಯಲ್ಲಿ. ಮೀಟರ್ ಓದುವುದನ್ನು ನಾನು ಮೊದಲೇ ಕಲಿಸಬೇಕಿತ್ತು. ಎರಡನೆಯದಕ್ಕೆ ಬಂದ ಉತ್ತರಗಳು ನನಗೇ ಪಾಠವಾದವು: ಅಡಿಕೆ ತೋಟಕ್ಕೆ ಅಣ್ಣತಮ್ಮಂದಿರ ನಡುವೆ ನೀರಿನ ಸರದಿ, ಜಾತ್ರೆಯ ಮರುದಿನ ಬೀದಿ ಗುಡಿಸುವ ಮನೆಗಳ ಪಾಳಿ.

ಪ್ರತಿಫಲನ

ಇಂಟರ್ನ್‌ಶಿಪ್ ಮುಗಿದು ಎರಡು ತಿಂಗಳ ಮೇಲೆ ಪ್ರಮಾಣಪತ್ರದ ಸಹಿಗಾಗಿ ಶಾಲೆಗೆ ಹೋಗಿದ್ದೆ. ಎರಡೂ ನಲ್ಲಿಗಳಿಗೆ ವಾಷರ್ ಬದಲಾಗಿತ್ತು. ವಹಿಯಲ್ಲಿ ಒಂಬತ್ತು ಸೋಮವಾರಗಳಲ್ಲಿ ಏಳರ ದಾಖಲೆ ಇತ್ತು, ಎರಡು ಖಾಲಿ. ಅನ್ನದ ಬಕೆಟ್ಟಿನ ವರದಿ ನಡೆಯುತ್ತಿದೆ ಎಂದು ಅಡುಗೆಯ ಅಕ್ಕ ಹೇಳಿದರು. ಮುಚ್ಚಳದ ಬುಟ್ಟಿ ಇತ್ತು, ಪೇಪರೂ ಇತ್ತು. ಆದರೆ ಶಾಲೆಯ ಹಿಂಬದಿ ಗೋಡೆಯ ಬಳಿ ಪ್ಲಾಸ್ಟಿಕ್ ಸುಟ್ಟ ಕರಿ ಇತ್ತು. ಕಸದ ಗಾಡಿ ಬರುವ ಹೊತ್ತಿಗೆ ಶಾಲೆಯ ಗೇಟು ತೆರೆದಿರುವುದಿಲ್ಲವಂತೆ. ಮೂರನೆಯ ಅಂಶ ಬರೆಯುವಾಗ ನಾವು ಪಂಚಾಯಿತಿಯವರನ್ನು ಕೇಳಿರಲಿಲ್ಲ. ಅಡುಗೆಯ ಅಕ್ಕ ಕಲಿಸಿದ ಪಾಠವನ್ನು ಆ ಒಂದು ಕಡೆ ಮರೆತಿದ್ದೆವು.

ಇದೇ ಪಾಠವನ್ನು ಮಾಡಬಯಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ನಾಲ್ಕು ಸಲಹೆಗಳು. ಇಂಟರ್ನ್‌ಶಿಪ್‌ನ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಮೊದಲ ತಿಂಗಳಲ್ಲೇ ಮಾಡಿದರೆ ತಪ್ಪಿದ್ದನ್ನು ತಿದ್ದಲು ಸಮಯವಿರುತ್ತದೆ. ಅಳೆಯುವ ಚಟುವಟಿಕೆ ಮೊದಲು, ಬರೆಯುವುದು ಆಮೇಲೆ. ನೀತಿಯಲ್ಲಿ ಯಾರ ಕೆಲಸದ ಮಾತು ಬರುತ್ತದೋ ಅವರನ್ನು ಬರೆಯುವ ಮೊದಲೇ ಮಾತಾಡಿಸಿ. ಸಾಧ್ಯವಾದರೆ ಎಂಟು ಅಥವಾ ಒಂಬತ್ತನೆಯ ತರಗತಿಯೊಂದಿಗೆ ಮಾಡಿ. ಅವರು ಇನ್ನೂ ಒಂದೆರಡು ವರ್ಷ ಶಾಲೆಯಲ್ಲಿರುತ್ತಾರೆ.

ಹೊರಡುವಾಗ ವಹಿಯ ಕೊನೆಯ ಪುಟ ನೋಡಿದೆ. ಆ ವಾರದ ದಾಖಲೆ ಬರೆದದ್ದು ಎಂಟನೆಯ ತರಗತಿಯ ಹುಡುಗ. ಒಂಬತ್ತನೆಯವರಿಬ್ಬರೂ ಆ ದಿನ ಗೈರಾಗಿದ್ದರಂತೆ. ‘ಎಲ್ಲ ನಲ್ಲಿ ಸರಿ ಇದೆ. ಕೈ ತೊಳೆಯುವ ಜಾಗದ ಮೂರನೆಯದು ಸ್ವಲ್ಪ ಬಿಗಿ ಇದೆ, ಚಿಕ್ಕವರಿಗೆ ತಿರುಗಿಸಲು ಆಗುವುದಿಲ್ಲ’ ಎಂದು ಬರೆದು, ಕೆಳಗೆ ಮುಖ್ಯ ಶಿಕ್ಷಕರ ಸಹಿ ಹಾಕಿಸಿದ್ದ.